ಐದನೆಯ ಹೆಸರು

"ನನ್ನ ಮಗಳ ಹೆಸರನ್ನ ಅಲ್ಲಿ ಬರೆಸಿದ್ದು ಯಾರು ಅತ್ತೆ? ಹೇಳಿ! ನೀವೇ ತಾನೆ...?"

ಚಿತ್ರಾಳ ದನಿ ಹೊಸ ಮನೆಯ ಖಾಲಿ ಗೋಡೆಗಳಿಗೆ ಬಡಿದು ಇಮ್ಮಡಿಯಾಗಿ ಕೇಳಿಸಿತು. ಬಾಗಿಲಿಗೆ ಕಟ್ಟಿದ್ದ ಗೃಹಪ್ರವೇಶದ ತೋರಣದ ಎಲೆಗಳು ಇನ್ನೂ ಪೂರ್ತಿ ಒಣಗಿರಲಿಲ್ಲ. ಅಡುಗೆಮನೆಯ ಹೊಸಿಲ ಪಕ್ಕ ಗೋಡೆಗೊರಗಿ ಕುಳಿತಿದ್ದ ಮುದ್ದಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅವಳ ಮಗ ದೇವರಾಜ್ ಕೈಯಲ್ಲಿದ್ದ ಫೈಲನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದ. ಆರು ವರ್ಷದ ಮೊಮ್ಮಗಳು ಮೇಘಶ್ರೀ ಹೊಸ ಬ್ಯಾಗನ್ನು ಬೆನ್ನಿಗೇರಿಸಿಕೊಂಡು, ಯಾರ ಮುಖ ನೋಡಬೇಕೆಂದು ತಿಳಿಯದೆ ಮೂವರನ್ನೂ ನೋಡುತ್ತಿದ್ದಳು.

ಬೇಲೂರಿನ ಈ ಮನೆಯನ್ನು ಚಿತ್ರಾ ನಡೆದು ನಡೆದು ಆರಿಸಿದ್ದಳು. ಗಂಡ ಹೆಂಡತಿ ಹನ್ನೊಂದು ಮನೆ ನೋಡಿದ್ದರು. ಯಗಚಿ ಹೊಳೆಯ ಆಚೆ ಇದ್ದದ್ದಕ್ಕೆ ಅಂಗಳವಿತ್ತು, ತೆಂಗಿನ ಮರವಿತ್ತು, ಬೆಲೆಯೂ ಇಳಿದಿತ್ತು. ಅವಳು ಒಪ್ಪಲಿಲ್ಲ. ಪ್ರತಿಯೊಂದು ಮನೆಯ ಬಾಗಿಲಿನಿಂದಲೂ ಮಗಳ ಕೈ ಹಿಡಿದು ಸರ್ಕಾರಿ ಶಾಲೆಯ ಗೇಟಿನವರೆಗೆ ನಡೆಯುವಳು. ನಡುವೆ ದೊಡ್ಡ ರಸ್ತೆ ದಾಟಬೇಕಾಗಿ ಬಂತೋ, ಆ ಮನೆ ಅರಮನೆಯಾಗಿದ್ದರೂ ಅಲ್ಲಿಗೇ ಬಿಟ್ಟಳು. ದಲ್ಲಾಳಿ ಬೇಸತ್ತು, "ಮನೆ ತಗೋತಿದ್ದೀರೋ ಸ್ಕೂಲ್ ತಗೋತಿದ್ದೀರೋ ಮೇಡಂ?" ಎಂದಿದ್ದ. "ಸ್ಕೂಲೇ ಕಣ್ರೀ. ಮನೆ ಅದರ ಜೊತೆ ಬರುತ್ತೆ," ಎಂದು ಅವಳೂ ನಕ್ಕಿದ್ದಳು. ಕೊನೆಗೆ ಸಿಕ್ಕಿದ್ದು ಎರಡೇ ಕೋಣೆಯ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಈ ಮನೆ. ಆದರೆ ಶಾಲೆಯ ಗಂಟೆ ಅಡುಗೆಮನೆಗೇ ಕೇಳಿಸುತ್ತಿತ್ತು!

ಒಂದನೇ ತರಗತಿಯಿಂದ ಪಿಯುಸಿಯವರೆಗೆ ಒಂದೇ ಆವರಣದಲ್ಲಿ, ಇಂಗ್ಲಿಷ್ ಕಲಿಸುವ ವಿಭಾಗವೂ ಇರುವ ಶಾಲೆ ಅದು. ಸೀಟು ಮೂವತ್ತು, ಅರ್ಜಿ ನೂರರ ಮೇಲೆ. ಸುತ್ತಮುತ್ತ ಮನೆ ಇದ್ದವರಿಗೆ ಮೊದಲು, ಅದರಲ್ಲೂ ಚೀಟಿ ಎತ್ತಿ ಹೆಸರು. ಮೇಘಶ್ರೀಯ ಚೀಟಿ ಬಂದ ದಿನ ಚಿತ್ರಾ ರಸ್ತೆಯಲ್ಲೇ ಅತ್ತುಬಿಟ್ಟಿದ್ದಳು. ಇವತ್ತು ಬೆಳಿಗ್ಗೆ ದಾಖಲೆ ಕೊಡಲು ಮನೆಮಂದಿಯೆಲ್ಲ ಹೋದರು. ಅಲ್ಲಿನ ಗುಮಾಸ್ತ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದ. ಈ ಮಗು ಆಗಲೇ ಊರಿನ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದೆಯಲ್ಲ! ಅಲ್ಲಿಂದ ಟಿ.ಸಿ. ತರಬೇಕು. ನಾಳೆ ಸಂಜೆ ನಾಲ್ಕರೊಳಗೆ ತಂದರೆ ಸರಿ, ಇಲ್ಲವಾದರೆ ಸೀಟು ಮುಂದಿನ ಚೀಟಿಗೆ.

ಊರಿನ ಶಾಲೆಯೆಂದರೆ ಹುಲಿಕೆರೆಯಿಂದಾಚೆಗಿನ ಅವರ ಪುಟ್ಟ ಹಳ್ಳಿಯ ಎರಡು ಕೋಣೆಯ ಶಾಲೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಬಿಸಿಯೂಟ ಬೇಯಿಸುತ್ತಿರುವವಳು ಮುದ್ದಮ್ಮ. ಮಗ ಸೊಸೆ ಬೇಲೂರಿಗೆ ಹೊರಟಾಗಲೂ, "ನೀವ್ ಹೋಗಿ ಮಗ, ನಂಗೆ ನನ್ ಇಸ್ಕೂಲ್ ಐತೆ," ಎಂದು ಊರಲ್ಲೇ ಉಳಿದಿದ್ದಳು; ಈಗ ಬಂದದ್ದು ಗೃಹಪ್ರವೇಶಕ್ಕೆಂದು.

"ನಾನೇ ಕಣವ್ವಾ... ನಾನೇ ಬರ್ಸಿದ್ದು," ಎಂದಳು ಮುದ್ದಮ್ಮ, ತಲೆ ಎತ್ತದೆ. "ಬ್ಯಾಸ್ಗೇಲಿ ಮರಿಯಣ್ಣ ಮೇಷ್ಟ್ರು ಮನೆಮನೆ ಎಣಿಸ್ಕಂಡು ಬಂದ್ರು. ನಾಲ್ಕೇ ಮಕ್ಳು ಸಿಕ್ಕಿದ್ವು. ಐದಾದ್ರೂ ಇಲ್ದಿದ್ರೆ ಈ ವರ್ಸ ಮುಚ್ತಾರಂತೆ. ಪೆಟ್ಟಿಗೇಲಿ ಮಗೀನ ಆಧಾರ್ ಇತ್ತು... ಕೊಟ್ಬುಟ್ಟೆ. ಮದ್ವೆಗೆ ಬರ್ದೇ ಇರೋ ನೆಂಟರ ಹೆಸ್ರೂ ಲಗ್ನಪತ್ರಿಕೇಲಿ ಹಾಕ್ಸಲ್ವಾ, ಹಂಗೆ ಅಂದ್ಕಂಡೆ. ಅಲ್ಲಿ ಹೆಸ್ರಿರ್ಲಿ, ಇಲ್ಲಿ ಮಗ ಓದ್ಲಿ ಅಂತ... ಅದು ಬೇಲೂರ್‌ಗಂಟ ಬಂದು ಕುಂತ್ಕತ್ತದೆ ಅಂತ ನಂಗೇನ್ ಗೊತ್ತವ್ವಾ!"

"ಅಂದ್ಕೊಂಡ್ರಂತೆ! ನನ್ನ ಒಂದು ಮಾತು ಕೇಳಬಾರದಾಗಿತ್ತಾ ಅತ್ತೆ? ಎರಡು ವರ್ಷ ಚಪ್ಪಲಿ ಸವೆಸಿದೀನಿ ಈ ಮನೆಗೆ... ಯಾಕೆ? ನನ್ನ ಮಗಳು ನನ್ನ ಥರ ಇಂಗ್ಲಿಷ್ ಬರಲ್ಲ ಅಂತ ತಲೆ ತಗ್ಗಿಸಬಾರದು ಅಂತ!"

ಚಿತ್ರಾ ಅಳತೊಡಗಿದಳು. ಹೆಂಡತಿಯ ಅಳು ನೋಡಿ ದೇವರಾಜನಿಗೆ ತಡೆಯಲಾಗಲಿಲ್ಲ.

"ಅವ್ವಾ, ನಿನ್ನ ಒಲೆ ಆರಬಾರದು ಅಂತ ನನ್ನ ಮಗಳನ್ನೇ ಸೌದೆ ಮಾಡಿದೆಯಲ್ಲ! ನಾಲ್ಕು ಮಕ್ಕಳಿಗೆ ಸೌಟು ಆಡಿಸೋ ಕೆಲಸ... ಅದು ಹೆಚ್ಚಾಯ್ತಾ ನಿಂಗೆ?"

ಅಯ್ಯೋ ದೇವರಾಜ್! ಯಾರ ಬಾಯಲ್ಲಿ ಎಂಥ ಮಾತು! ಆ ಸೌಟಿನ ಕಥೆ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಅವನಿಗೆ ಗೊತ್ತಿತ್ತು. ಮುದ್ದಮ್ಮ ಅಡುಗೆಗೆ ಸೇರಿದ ವರ್ಷ ಅವನು ಐದನೇ ತರಗತಿಯಲ್ಲಿದ್ದ. ಕೇರಿಯ ಹೆಂಗಸು ಬೇಯಿಸಿದ್ದನ್ನು ನಮ್ಮ ಮಕ್ಕಳು ಮುಟ್ಟುವುದಿಲ್ಲ ಎಂದು ಊರವರು ತಮ್ಮ ಮಕ್ಕಳ ಕೈಗೆ ಬುತ್ತಿ ಕೊಟ್ಟು ಕಳಿಸಿದರು. ಕೇರಿಯವರೂ ಹೆದರಿ ತಮ್ಮ ಮಕ್ಕಳನ್ನು ಮನೆಗೇ ಕರೆಸಿಕೊಂಡರು. ಹತ್ತೊಂಬತ್ತು ದಿನ ಮುದ್ದಮ್ಮ ಅರವತ್ತು ಮಕ್ಕಳಿಗೆ ಬೇಯಿಸಿದಳು. ಹತ್ತೊಂಬತ್ತು ದಿನ ಜಗಲಿಯ ಮೇಲೆ ತಟ್ಟೆ ಹಿಡಿದು ಕುಳಿತವನು ದೇವರಾಜ್ ಒಬ್ಬನೇ. ಇಪ್ಪತ್ತನೆಯ ದಿನ ಗೌಡರ ಮನೆಯ ಹುಡುಗ ಸ್ವಾಮಿ ಬುತ್ತಿ ಮರೆತು ಬಂದಿದ್ದ. ಸಾರಿನ ಘಮಕ್ಕೆ ತಡೆಯಲಾರದೆ ದೇವರಾಜನ ಪಕ್ಕದಲ್ಲಿ ಕುಳಿತು, "ನಂಗೂ ಬಡ್ಸಕ್ಕ," ಎಂದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ಅವತ್ತಿನಿಂದ ಇವತ್ತಿನವರೆಗೆ ಮುದ್ದಮ್ಮ ದಿನವೂ ಮಕ್ಕಳ ಸಾಲಿನ ತುದಿಯಲ್ಲಿ ನಿಂತು, "ಎಲ್ರೂ ಉಂಡ್ರಾ?" ಎಂದು ಕೇಳುತ್ತಾಳೆ. ಎಲ್ಲರೂ ಉಂಡೆವು ಎಂದ ಮೇಲೆಯೇ ಅವಳ ತಟ್ಟೆಗೆ ಅನ್ನ.

ಮಗನ ಮಾತಿಗೆ ಅವಳು ಇದ್ಯಾವುದನ್ನೂ ಎತ್ತಲಿಲ್ಲ. ಗೋಡೆ ಹಿಡಿದು ಎದ್ದಳು. "ನಾನ್ ಬರ್ಸಿದ್ದು, ನಾನೇ ತೆಗ್ಸಿ ತತ್ತೀನಿ ಮಗ. ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಹೊಂಡ್ತೀನಿ," ಎಂದಳು.

ಟಿ.ಸಿ.ಯ ಅರ್ಜಿಗೆ ತಂದೆಯ ಇಲ್ಲವೆ ತಾಯಿಯ ಸಹಿ ಬೇಕಿತ್ತು. ದೇವರಾಜನಿಗೆ ಕಚೇರಿಯಲ್ಲಿ ರಜೆ ಇರಲಿಲ್ಲ. ಹಾಗಾಗಿ ಮರುದಿನ ಅತ್ತೆಯ ಜೊತೆ ಚಿತ್ರಾ ಹೊರಟಳು. ಹಳೇಬೀಡಿನವರೆಗೆ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕುಳಿತರು. ಅಲ್ಲಿಂದ ಆಟೋದಲ್ಲಿ ಮೊಣಕೈ ತಾಗುವಷ್ಟು ಹತ್ತಿರ ಕುಳಿತರೂ ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ ನೋಡಿದಳು.

ಶಾಲೆಯಲ್ಲಿ ಮರಿಯಣ್ಣ ಮೇಷ್ಟ್ರು ವಿಷಯ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಪ್ಪ ಅಮ್ಮನಿಗೆ ಗೊತ್ತಿದೆಯೆಂದೇ ಅವರು ನಂಬಿದ್ದರು. "ತಪ್ಪಾಯ್ತಮ್ಮ, ನಿಮ್ಮನ್ನ ಕೇಳಬೇಕಾಗಿತ್ತು," ಎಂದು ಚಿತ್ರಾಳಿಗೆ ಹೇಳಿ, ಆಮೇಲೆ ಮುದ್ದಮ್ಮನ ಕಡೆ ತಿರುಗಿದರು. "ಬರೆದುಕೊಡ್ತೀನಿ. ಆದರೆ ಇದನ್ನ ಕೊಟ್ಟ ಮೇಲೆ ನಾಲ್ಕೇ ಉಳೀತವೆ ಮುದ್ದಮ್ಮ. ವಾರದೊಳಗೆ ಬೀಗ ಹಾಕೋಕೆ ಹೇಳ್ತಾರೆ. ಆ ನಾಲ್ಕು ಮಕ್ಕಳನ್ನ ದೊಡ್ಡ ರಸ್ತೆಯಾಚೆ ಪಕ್ಕದೂರಿನ ಶಾಲೆಗೆ ಸೇರಿಸ್ತಾರೆ. ನಿನ್ನ ಕೆಲಸಾನೂ..."

"ಗೊತ್ತು ಸಾ. ಬರೀರಿ... ಒಸಿ ತಡೀರಿ, ಮೊದ್ಲು ಮಕ್ಳು ಉಣ್ಲಿ."

ಜಗಲಿಯ ಮೇಲೆ ನಾಲ್ಕು ಮಕ್ಕಳು ಗೋಡೆಗೊರಗಿ ಕುಳಿತವು. ಮುದ್ದಮ್ಮ ಅನ್ನ ಬಡಿಸಿ, ಸಾರು ಬಡಿಸಿ, ಮೊಟ್ಟೆಯ ಸಿಪ್ಪೆ ಬಿಡಿಸಿ ಒಂದೊಂದು ಇಟ್ಟಳು. ಚಿತ್ರಾಳ ಕಣ್ಣು ಅಡುಗೆಕೋಣೆಯ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಐದನೆಯ ತಟ್ಟೆಯ ಮೇಲೆ ಬಿತ್ತು. ಬೆಳಗಿ ಬೆಳಗಿ ಹೊಳೆಯುವ ತಟ್ಟೆ. ಒಂದು ದಿನವೂ ಮೊಮ್ಮಗಳು ಅದರಲ್ಲಿ ಉಂಡಿರಲಿಲ್ಲ. ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು, "ಮೇಘ ಬರಾಕಿಲ್ವಾ ಅಜ್ಜಿ?" ಎಂದಳು. ಅವಳು ಸ್ವಾಮಿಯ ಮಗಳು.  ಮುದ್ದಮ್ಮ ಸಾಲಿನ ತುದಿಗೆ ಹೋಗಿ ನಿಂತು, "ಎಲ್ರೂ ಉಂಡ್ರಾ?" ಎಂದು ಕೇಳಿದಳು.

ಅರ್ಜಿಯ ಮುಂದೆ ಕುಳಿತ ಚಿತ್ರಾಳ ಪೆನ್ನು ಮುಂದೆ ಹೋಗಲಿಲ್ಲ. ಈ ಒಂದು ಸಹಿಗೆ ಆ ನಾಲ್ಕು ತಟ್ಟೆಗಳು ಎದ್ದುಹೋಗುತ್ತವೆ... ಆ ಪುಟ್ಟ ಹುಡುಗಿ ನಾಳೆಯಿಂದ ದೊಡ್ಡ ರಸ್ತೆ ದಾಟಬೇಕು! ತನ್ನ ಮಗಳು ದಾಟಬಾರದೆಂದು ಹತ್ತು ಮನೆ ಬಿಟ್ಟು ಬಂದವಳು ತಾನೇ ಅಲ್ಲವೇ?

"ಅತ್ತೆ... ನನ್ನ ಕೈ ಏಳ್ತಿಲ್ಲ. ನಾನು... ನಾನು ಬೇರೆ ಯಾವುದಾದರೂ ಶಾಲೆ ನೋಡ್ತೀನಿ ಬಿಡಿ..."

ಮುದ್ದಮ್ಮ ಅವಳ ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದಳು. ಸಾರಿನ ವಾಸನೆಯ ಒರಟು ಕೈ.

"ಬರಿ ಕಣವ್ವಾ. ಇಸ್ಕೂಲ್ ಮುಚ್ತಾ ಇರೋದು ನೀನಲ್ಲ. ಊರ್ನೋರೆಲ್ಲ ಒಬ್ಬೊಬ್ರೇ ಮಕ್ಳನ್ನ ಕಾನ್ವೆಂಟ್ ವ್ಯಾನ್ ಹತ್ತಿಸ್ದಾಗ ಯಾರ್ ಕೇಳಿದ್ರು? ಉಳ್ಸಾ ಹೊರೆ ನನ್ ಮೊಮ್ಮಗಳ ತಲೆ ಮ್ಯಾಲೆ ಯಾಕೆ? ನಂಗ್ ಓದಕ್ ಬರಲ್ಲ. ನೀನು ಅದ್ಕೋಸ್ಕರ ಬೀದಿ ಬೀದಿ ತಿರುಗ್ದೆ. ನಿನ್ ಆಸೆ ದೊಡ್ದು ಕಣವ್ವಾ... ಬರಿ!"

ಚಿತ್ರಾ ಸಹಿ ಹಾಕಿದಳು. ಅಕ್ಷರಗಳು ಕಣ್ಣೀರಿಗೆ ಕಲಸಿಕೊಂಡವು. ಟಿ.ಸಿ. ಪುಸ್ತಕ ತೆರೆದ ಮೇಷ್ಟ್ರು, "ಶಾಲೆ ಬಿಡಲು ಕಾರಣ ಅಂತ ಇದೆ. ಏನು ಬರೀಲಿ ಮುದ್ದಮ್ಮ?" ಎಂದರು.

"ನನ್ ಮಕ್ಳು ಬೇಲೂರಲ್ಲಿ ಮನೆ ತಗಂಡವ್ರೆ ಅಂತ ಬರೀರಿ ಸಾ," ಎಂದಳು ಅವಳು. ಆ ಹೊತ್ತಿನಲ್ಲೂ ಆ ಮಾತಿನಲ್ಲೊಂದು ಹೆಮ್ಮೆಯಿತ್ತು.

ಅತ್ತೆಯನ್ನು ಊರಲ್ಲೇ ಬಿಟ್ಟು ಬಂದ ಚಿತ್ರಾ ಮೂರೂಮುಕ್ಕಾಲಿಗೆ ಓಡುತ್ತಲೇ ಬೇಲೂರಿನ ಶಾಲೆಯ ಮೆಟ್ಟಿಲು ಹತ್ತಿದಳು. ಸೀಟು ಉಳಿಯಿತು. ಆ ಸಂಜೆ ಅವಳು ಊರಿನಲ್ಲಿ ಕಂಡದ್ದನ್ನೆಲ್ಲ ಗಂಡನಿಗೆ ಹೇಳಿದಳು. ಐದನೆಯ ತಟ್ಟೆಯ ಮಾತು ಬಂದಾಗ ದೇವರಾಜ್ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತವನು ಬಹಳ ಹೊತ್ತು ಒಳಗೆ ಬರಲಿಲ್ಲ.

ಎಂಟು ದಿನಕ್ಕೆ ಆದೇಶ ಬಂತು. ಶಾಲೆಯ ಕೊನೆಯ ದಿನ ದೇವರಾಜ್ ಅರ್ಧ ದಿನ ರಜೆ ಹಾಕಿ ಊರಿಗೆ ಹೋದ. ಅವನು ಮುಟ್ಟುವ ಹೊತ್ತಿಗೆ ಮಕ್ಕಳು ಹೋಗಿಯಾಗಿತ್ತು. ಮುದ್ದಮ್ಮ ಅಡುಗೆಕೋಣೆಯ ನೆಲ ಒರೆಸುತ್ತಿದ್ದಳು. ಅವನು ಚಪ್ಪಲಿ ಬಿಟ್ಟು, ಒಂದು ತಟ್ಟೆ ಎತ್ತಿಕೊಂಡು, ಜಗಲಿಯ ಮೇಲೆ ಅದೇ ಜಾಗದಲ್ಲಿ ಗೋಡೆಗೊರಗಿ ಕುಳಿತ.

"ಅವ್ವಾ... ಹೊಟ್ಟೆ ಹಸೀತಿದೆ. ಬಡಿಸವ್ವಾ."

ಮುದ್ದಮ್ಮ ಬಾಗಿಲಿಗೆ ಬಂದು ನೋಡಿದಳು. "ಎಲ್ಲಾ ತೊಳ್ದು ಬೋರಲಾಕ್ಬುಟ್ಟೆ ಕಣ್ಲಾ ಮಗ... ಒಂದಗುಳೂ ಇಲ್ಲ," ಎಂದಳು. ಮೂವತ್ತೆರಡು ವರ್ಷದ ಮಗ ಖಾಲಿ ತಟ್ಟೆಯನ್ನು ಎದೆಗವಚಿಕೊಂಡು, "ತಪ್ಪಾಯ್ತವ್ವಾ!" ಎಂದು ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ತಲೆ ಸವರಿ, ಕೈಯಿಂದ ತಟ್ಟೆ ಬಿಡಿಸಿಕೊಂಡು, ಲೆಕ್ಕಕ್ಕೆ ಕಡಿಮೆಯಾಗಬಾರದೆಂದು ಉಳಿದವುಗಳ ಮೇಲೆ ಇಟ್ಟಳು. ಬೀಗದ ಕೈಯನ್ನು ಮೇಷ್ಟ್ರಿಗೆ ಒಪ್ಪಿಸಿ ಮಗನ ಜೊತೆ ಬಸ್ಸು ಹತ್ತಿದಳು.

ಬೇಲೂರಿನ ಮನೆಯಲ್ಲಿ ಮರುದಿನ ಮಧ್ಯಾಹ್ನ ಶಾಲೆಯ ಊಟದ ಗಂಟೆ ಕೇಳಿಸಿತು. ಮುದ್ದಮ್ಮ ಅಭ್ಯಾಸಬಲದಿಂದ ಎದ್ದು ನಿಂತಳು, ಮತ್ತೆ ಕುಳಿತಳು. ಚಿತ್ರಾ ಊಟಕ್ಕೆ ಎರಡು ಸಲ ಕರೆದಳು. "ಆಮ್ಯಾಕ್ ಉಣ್ತೀನಿ ಕಣವ್ವಾ," ಎಂದಳೇ ಹೊರತು ಏಳಲಿಲ್ಲ. ಚಿತ್ರಾಳಿಗೆ ಈಗ ಅರ್ಥವಾಗುತ್ತಿತ್ತು. ತಾನೂ ಉಣ್ಣದೆ ಅತ್ತೆಯ ಪಕ್ಕದಲ್ಲಿ ಹೊಸಿಲ ಮೇಲೆ ಕುಳಿತಳು.

ಸಂಜೆ ಮೇಘಶ್ರೀ ಬ್ಯಾಗು ಕುಣಿಸುತ್ತಾ ಓಡಿ ಬಂದಳು. ದೊಡ್ಡ ರಸ್ತೆ ಇಲ್ಲ, ಬಸ್ಸಿಲ್ಲ; ಗೇಟಿನಿಂದ ಮನೆಗೆ ಎರಡೇ ನಿಮಿಷ. ಅಜ್ಜಿ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಮಧ್ಯಾಹ್ನ ಯಾರ್ ಬಡ್ಸಿದ್ರು ಕಂದಾ?"

"ಯಾರೋ ಒಬ್ರು ಅಜ್ಜಿ. ನಿನ್ ಥರಾನೇ ಬಳೆ ಹಾಕ್ಕೊಂಡಿದ್ರು."

"ಎಲ್ರೂ ಉಂಡ್ರಾ?"

"ಎಲ್ರೂ ಉಂಡ್ವಿ ಅಜ್ಜಿ. ಒಬ್ರೂ ಬಿಟ್ಟಿಲ್ಲ. ನಿಂದಾಯ್ತಾ?"

ಮುದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತಟ್ಟೆ ತರಲು ಎದ್ದು ಒಳಗೆ ಹೋದಳು.