ಬಿಟ್ಟುಹೋದ 'ಹ'

"ಈ ವೇಷ, ಈ ಮಾತು... ಎಲ್ಲಾ ನಾಟಕ ಅಲ್ವಾ?"

ಮದ್ದೂರಿನ ಟೀ ಅಂಗಡಿಯ ಮುಂದೆ ನಿಂತು ಹೇಮಾವತಿ ಮೊಬೈಲನ್ನು ಅವನ ಮುಖಕ್ಕೇ ಹಿಡಿದಿದ್ದಳು. ವಿಡಿಯೋದಲ್ಲಿ ತಲೆಗೆ ಟವಲ್ಲು ಸುತ್ತಿದ 'ಅಳ್ಳಿ ಐದ', ಅಂದರೆ ಹಳ್ಳಿ ಹೈದ, ಎಮ್ಮೆಗೆ ಬೈಯುತ್ತಿದ್ದ. ಎದುರಿಗೆ ಇಸ್ತ್ರಿ ಶರ್ಟಿನ ಯತೀಶ್, ಪಕ್ಕದ ಬ್ಯಾಂಕಿನ ಗುಮಾಸ್ತ. ಮುಖ ಮಾತ್ರ ಒಂದೇ!

"ನಾಟಕ ಅಂತ ಯಾರು ಹೇಳಿದ್ರು ಮೇಡಂ?" ಅವನು ನಕ್ಕ.

ಆ ನಗು ಅವಳಿಗೆ ಇಷ್ಟವಾಗಿಬಿಟ್ಟಿತು. ಅದಕ್ಕೂ ಅವನ ಮೇಲೇ ಕೋಪ!

ಮಂಡ್ಯದಲ್ಲಿ ಎಂ.ಎ. ಓದುತ್ತಿದ್ದ ಹುಡುಗಿ. 'ಆನ್‌ಲೈನಿನಲ್ಲಿ ನಾವು ಯಾರು?' ಅನ್ನುವುದು ಅವಳ ಪ್ರಾಜೆಕ್ಟು. ಅವನ ಪುಟವೇ ಅದರ ಜೀವಾಳ. ಅವನ ಒಪ್ಪಿಗೆಯಿಲ್ಲದೆ ಬರೆದದ್ದೆಲ್ಲ ನೀರುಪಾಲು.

"ಬ್ಯಾಂಕಲ್ಲಿ 'ಹಾಲು', ರೀಲ್ಸಲ್ಲಿ 'ಆಲು'. ನಮ್ಮೋರ ಮಾತಿಂದ ಲೈಕ್ ಗಿಟ್ಟಿಸ್ತೀರ. ಇದು ಸುಳ್ಳು ಗುರುತು. ಹಾಗೇ ಬರೀತೀನಿ!"

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಮಳವಳ್ಳಿ ಕಡೆಯ ಊರಿನಿಂದ ಅವ್ವ.

"ಊಂ ಕಣವ್ವ... ಬತ್ತೀನಿ ಬುಡು... ಅಸುಗೆ ಉಲ್ಲು ಆಕ್ದ್ಯಾ?" ಎಷ್ಟು ಪಿಸುಗುಟ್ಟಿದರೂ ಅವನಿಗೆ ಕೇಳಿಸಿಯೇಬಿಟ್ಟಿತು.

ಯತೀಶ್ ನಗಲಿಲ್ಲ.

"ನಾನು ಮನೇಲಿ ನಮ್ಮವ್ವನ ಜೊತೆ ಆಡೋ ಮಾತೇ ರೀಲ್ಸಲ್ಲಿ ಆಡೋದು. ನೀವು ಈಗ ಆಡಿದ್ದು ನಾಟಕವೋ, ಇಷ್ಟೊತ್ತು ನನ್ ಹತ್ರ ಆಡಿದ್ದು ನಾಟಕವೋ? ಸುಳ್ಳು ಅಂತ ಬರೆಯೋದಾದ್ರೆ ನನ್ನ ಒಪ್ಪಿಗೆ ಇಲ್ಲ."

ಹೊರಟೇ ಹೋದ!

ಬಸ್ಸಿನಲ್ಲಿ ಅವಳಿಗೆ ಅಳು ತಡೆಯಲಾಗಲಿಲ್ಲ. ಕಾಲೇಜಿನ ಮೊದಲ ದಿನ ಹೆಸರು ಕೇಳಿದಾಗ 'ಏಮಾವತಿ' ಅಂದಿದ್ದಳು. ಇಡೀ ಕ್ಲಾಸು ಬಿದ್ದೂಬಿದ್ದು ನಕ್ಕಿತ್ತು. ಆವತ್ತಿನಿಂದ ಒಂದೊಂದು 'ಹ'ಕಾರವನ್ನೂ ಜೋಪಾನ ಮಾಡಿದ್ದಳು. ಇನ್‌ಸ್ಟಾಗ್ರಾಮಿನಲ್ಲಿ 'ಹೇಮ್ಸ್' ಆದಳು. ಅಲ್ಲಿ ಊರಿಲ್ಲ, ಹಸುವಿಲ್ಲ, ಅವ್ವನ ಒಂದು ಫೋಟೋ ಕೂಡ ಇಲ್ಲ!

'ಸುಳ್ಳು ಗುರುತು ಯಾರದು?'

ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. 'ಬರೀತೀನಿ. ಈ ಸಲ ನೆಟ್ಟಗೆ ಬರೀತೀನಿ.'

ನಮ್ಮ ಹುಡುಗಿ ಹಟ ಹಿಡಿದರೆ ಮುಗಿಯಿತು. ಭಾನುವಾರ ಮದ್ದೂರಿನ ಹತ್ತಿರದ ಅವನ ಊರು ಕೊಪ್ಪದ ಬಸ್ಸು ಹತ್ತಿ, 'ಅಳ್ಳಿ ಐದ'ನ ಮನೆ ಕೇಳಿಕೊಂಡು ಹೋದಳು. ಅಂಗಳದಲ್ಲಿ ಅವನ ತಾಯಿ ಮಂಗಳಮ್ಮ ಅದೇ ಎಮ್ಮೆಗೆ, ಅದೇ ಧಾಟಿಯಲ್ಲಿ ಬೈಯುತ್ತಿದ್ದರು!

"ನಮ್ಮೈದನ್ನ ಸುಳ್ಳ ಅಂದೋಳು ನೀನೇಯಾ?"

"ಊಂ ಕಣಮ್ಮ, ನಾನೇಯ. ತಪ್ಪಾಯ್ತು."

ಮಂಗಳಮ್ಮ ಜೋರಾಗಿ ನಕ್ಕರು. "ಅಂಗಾರೆ ಒಳಿಕ್ ಬಾ. ಉಂಡ್ಕೊಂಡು ಓಗು."

ಬಾಗಿಲಲ್ಲಿ ನಿಂತಿದ್ದ ಯತೀಶನಿಗೆ ಅವಳು ಹೇಳಿದಳು, "ನಾಳಿದ್ದು ನಮ್ ಕಾಲೇಜಲ್ಲಿ ಸೆಮಿನಾರಿದೆ. ಬಂದು ಕೇಳಿ. ಆಮೇಲೆ ಒಪ್ಪಿಗೆ ಕೊಡಿ... ಇಲ್ಲಾ ಬುಡಿ."

ಸೆಮಿನಾರಿನ ದಿನ ಕೊನೆಯ ಬೆಂಚಿನಲ್ಲಿ ಅವನಿದ್ದ. ಅವಳು ವೇದಿಕೆ ಹತ್ತಿದಳು.

"ನನ್ನೆಸ್ರು ಏಮಾವತಿ."

ಮತ್ತದೇ ನಗು! ಅವಳು ನಿಲ್ಲಿಸಲಿಲ್ಲ.

"ನಗಿ. ಈ ನಗೂಗೆ ಎದ್ರಿ ನಾನು 'ಹೇಮ್ಸ್' ಆದೆ. ನನ್ ಪ್ರಾಜೆಕ್ಟಲ್ಲಿ ಸುಳ್ಳು ಗುರುತಿಗೆ ಮೊದಲ್ನೇ ಉದಾರಣೆ ನಾನೇಯ. ಅಳ್ಳಿ ಐದ ಅಲ್ಲ."

ನಗು ನಿಂತಿತು. ಗೈಡ್ ಮಂಜುಶ್ರೀ ಮೇಡಂ ಕನ್ನಡಕ ತೆಗೆದಿಟ್ಟು ಹೇಳಿದರು, "ಮುಂದುವರಿಸಮ್ಮಾ."

ಮುಗಿಸಿ ಹೊರಗೆ ಬಂದಾಗ ಅವನು ಬೇವಿನ ಮರದಡಿ ಕಾಯುತ್ತಿದ್ದ.

"ಒಪ್ಪಿಗೆ ಇದೆ, ಹೇಮಾವತಿಯವರೇ."

"ಪ್ರಾಜೆಕ್ಟಿಗಾ?"

"ಬೇರೇದನ್ನ ಕೇಳಿದ್ರೆ ಅದಕ್ಕೂ... ಆವತ್ತು ಅವ್ವನ್ ಜೊತೆ ಫೋನಲ್ಲಿ ಮಾತಾಡಿದ್ರಲ್ಲ, ಆಗ್ಲೇ ನೀವು ಇಷ್ಟ ಆಗ್ಬುಟ್ರಿ!"

ಅವಳ ಕೆನ್ನೆ ಕೆಂಪಾಯಿತು. ಆದರೂ ಈ ಸಲ ತಲೆ ತಗ್ಗಿಸಲಿಲ್ಲ.

"ನಂಗೂ... ಅಂಗಿದ್ಮೇಲೆ ಈ 'ಹೇಮಾವತಿಯವರೇ' ಬುಟ್ಬುಡಿ."

"ಮತ್ತೇನಂತ ಕರೀಲಿ?"

"ನಮ್ಮವ್ವ ಕರ್ಯಂಗೆ."

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಮೆಲ್ಲಗೆ ಕರೆದ, "ಏಮಾ..."

ಅವಳ ಕಣ್ಣು ತುಂಬಿ ಬಂತು.

"ಓ..." ಅಂದಳು.