ವಾಸನೆ ಅಳಿಸಿಕೊಂಡವನು

ಹಂದಿಗಳ ಹಿಂಡು ಬೇಟೆಗಾರನಿಗೆ ಅತ್ಯಂತ ಕೆಟ್ಟ ದಿಕ್ಕಿನಿಂದಲೇ ಬಂದಿತು. ಗಾಳಿ ಚೆಲುವರಾಜುವಿನ ಬೆನ್ನಿಗೆ ತಾಗಿ ನೇರವಾಗಿ ಅವುಗಳ ಮೂತಿಯ ಕಡೆಗೆ ಬೀಸುತ್ತಿತ್ತು. ಅವನು ಅರಿಸಿನದ ಹೊಲದ ಬದುವಿನಲ್ಲಿ, ಮರೆಯಾಗಿ ಒಂದು ಪೊದೆಯೂ ಇಲ್ಲದೆ, ಮೊಣಕಾಲೂರಿ ಕುಳಿತಿದ್ದ. ಮುಂದಿದ್ದ ಕೋರೆಯ ಗಂಡು ಹಂದಿ ನಿಂತು ಮೂತಿ ಎತ್ತಿತು. ಗಾಳಿಯನ್ನು ಎಳೆದುಕೊಂಡಿತು. ಮತ್ತೊಮ್ಮೆ ಎಳೆದುಕೊಂಡಿತು. ಆಮೇಲೆ ಯಾವ ಆತಂಕವೂ ಇಲ್ಲದೆ ತಲೆ ತಗ್ಗಿಸಿ ಗೆಡ್ಡೆ ಅಗೆಯತೊಡಗಿತು. ಒಂದೇ ಗುಂಡು. ಅದು ಅರಚಲೂ ಇಲ್ಲ.

ದೂರದ ಅಟ್ಟಣೆಯಿಂದ ದುರ್ಬೀನಿನಲ್ಲಿ ನೋಡುತ್ತಿದ್ದ ಡಾ. ಮೃದುಲಾ ಕಿಣಿ ಕಣ್ಣೊರೆಸಿಕೊಂಡಳು. ಆರು ವರ್ಷಗಳ ಕೆಲಸ ಅವಳ ಕಣ್ಣೆದುರಿಗೇ ಕೈಗೂಡಿತ್ತು.

ಆ ಕಾಲಕ್ಕೆ ಕಾಡಂಚಿನ ಊರುಗಳಲ್ಲಿ ಹಂದಿಗಳ ಹಾವಳಿ ಮಿತಿಮೀರಿ, ಸರ್ಕಾರವೇ ಹೋಬಳಿಗೊಬ್ಬ ನಿಯಂತ್ರಕನನ್ನು ನೇಮಿಸಿತ್ತು. ಹನೂರಿನಾಚೆಯ ಹುಣಸೇದೊಡ್ಡಿಯ ಸುತ್ತಿನ ಕೆಲಸ ಚೆಲುವರಾಜುವಿನದು. ಬೇಟೆಗಾರರಿಗೆಂದು ಅಂಗಡಿಗಳಲ್ಲಿ ಬಗೆಬಗೆಯ ಸಾಬೂನು, ಸಿಂಪಡಿಕೆ, ಇದ್ದಿಲಿನ ಪುಡಿ ಸೇರಿಸಿ ನೇಯ್ದ ಅಂಗಿಗಳು ಬಹಳ ಕಾಲದಿಂದ ಮಾರಾಟವಾಗುತ್ತಿದ್ದವು. ಅವುಗಳಿಂದ ನಿಜವಾಗಿ ಉಪಯೋಗವಿದೆಯೇ ಎಂಬ ಜಗಳ ಮಾತ್ರ ಮುಗಿದಿರಲಿಲ್ಲ. ಮೃದುಲಾ ಮೈಸೂರಿನ ತನ್ನ ಪ್ರಯೋಗಾಲಯದಲ್ಲಿ ಅವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದ್ದಳು. ಮನುಷ್ಯನ ಮೂಗಿಗೆ ಅವು ಮೋಸ ಮಾಡುತ್ತಿದ್ದವು, ಹಂದಿಯ ಮೂಗಿಗಲ್ಲ. ಸಾಬೂನು ಹಚ್ಚಿಕೊಂಡವನು ಹಂದಿಗೆ ಸಾಬೂನು ಹಚ್ಚಿಕೊಂಡ ಮನುಷ್ಯನಂತೆಯೇ ತೋರುತ್ತಿದ್ದ.

ಹೀಗಾಗಿ ಹೊಗೆಗೆ ಪರದೆ ಕಟ್ಟುವುದನ್ನು ಬಿಟ್ಟು ಒಲೆಯನ್ನೇ ಆರಿಸುವ ದಾರಿ ಹಿಡಿದಳು. ಬೆವರಿಗೆ ತಾನಾಗಿ ಹೆಚ್ಚು ವಾಸನೆಯಿಲ್ಲ. ಚರ್ಮದ ಮೇಲೆ ಬದುಕುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ತಿಂದು ವಾಸನೆಯನ್ನು ಹುಟ್ಟಿಸುತ್ತವೆ. ಅವಳ ಚರ್ಮಲೇಪ ಆ ಜೀವಿಗಳ ಜಾಗದಲ್ಲಿ ವಾಸನೆ ಹುಟ್ಟಿಸದ ಬೇರೊಂದು ತಳಿಯನ್ನು ನೆಲೆಗೊಳಿಸುತ್ತಿತ್ತು. ಅದರ ಮೇಲೆ ತೊಡುವ ನಿರ್ಗಂಧ ಕವಚ ಉಸಿರಿನ ಮತ್ತು ಮೈಯ ಉಳಿದ ಗಂಧಕಣಗಳನ್ನೆಲ್ಲ ಹೀರಿಕೊಳ್ಳುತ್ತಿತ್ತು. ಒಮ್ಮೆ ಹಚ್ಚಿದ ಲೇಪದ ಪ್ರಭಾವ ಐದಾರು ದಿನ ನಿಲ್ಲುತ್ತಿತ್ತು.

"ಇದ ಮಾಡಕ್ಕೆ ಯಾಕೆ ಇಷ್ಟು ಕಷ್ಟಪಟ್ರಿ ಮೇಡಮ್ಮೋರೆ?" ಎಂದು ಚೆಲುವರಾಜು ಆ ಮೊದಲ ಬೇಟೆಯ ದಿನ ಕೇಳಿದ್ದ.

"ದೂರದಿಂದ ಹೊಡೆದರೆ ಗುಂಡು ಎಲ್ಲೋ ತಾಗುತ್ತದೆ. ಗಾಯಗೊಂಡ ಪ್ರಾಣಿ ದಿನಗಟ್ಟಲೆ ನರಳುತ್ತದೆ. ಹತ್ತಿರ ಹೋಗಲು ಸಾಧ್ಯವಾದರೆ ಆ ನರಳಾಟ ತಪ್ಪುತ್ತದಲ್ಲ?"

"ನಮ್ಮಣ್ಣನ್ನ ತಿವಿದದ್ದು ಅಂತಾದ್ದೇ ಹಂದಿ. ಯಾರೋ ಹೊಡ್ದು ಬುಟ್ಟಿದ್ರು. ಹೊಟ್ಟೇಲಿ ಗುಂಡು ಇಟ್ಕಂಡು ಮೂರು ದಿನ ಓಡಾಡಿತ್ತಂತೆ. ಇದು ಒಳ್ಳೇ ಕೆಲ್ಸ ಕನ ಮೇಡಮ್ಮೋರೆ."

ಅಂದಿನಿಂದ ಅವನು ಲೇಪವನ್ನು ಒಂದು ಸಲವೂ ತಪ್ಪಿಸಲಿಲ್ಲ.

ವರ್ಷ ಕಳೆಯುವುದರೊಳಗೆ ಹುಣಸೇದೊಡ್ಡಿಯಲ್ಲಿ ಗಾಯದ ಹಂದಿ ಎಂಬ ಮಾತೇ ಇಲ್ಲವಾಯಿತು. ಮೃದುಲಾ ತಿಂಗಳಿಗೊಮ್ಮೆ ಬಂದು ಅವನ ತೋಳಿಗೆ ವಾಸನೆ ಅಳೆಯುವ ಘ್ರಾಣಮಾಪಕವನ್ನು ಹಿಡಿಯುತ್ತಿದ್ದಳು. ಮುಳ್ಳು ಸೊನ್ನೆಯಿಂದ ಕದಲುತ್ತಿರಲಿಲ್ಲ. ಅಂಥ ಒಂದು ದಿನ ಚೆಲುವರಾಜುವಿನ ಹೆಂಡತಿ ದೇವಮ್ಮಣಿ ಕಾಫಿ ತಂದುಕೊಟ್ಟು ಬಾಗಿಲ ಬಳಿ ನಿಂತಳು.

"ಒಂದು ಮಾತು ಕೇಳ್ಲಾ ಮೇಡಮ್ಮೋರೆ? ಬೇಜಾರ್ ಮಾಡ್ಕಬೇಡಿ. ಇವ್ರು ಪಕ್ಕದಲ್ಲಿ ಮಲಗಿದ್ರೂ ಯಾರೂ ಇಲ್ದಂಗೆ ಆಯ್ತದೆ. ಮಧ್ಯದಲ್ಲಿ ಎಚ್ಚರಾದ್ರೆ ಕೈ ಹಾಕಿ ಮುಟ್ಟಿ ನೋಡ್ಕತೀನಿ."

ಚೆಲುವರಾಜು ನಾಚಿಕೊಂಡು, "ಏ, ಸುಮ್ಕಿರಮ್ಮಿ," ಎಂದ.

"ನಾ ಯಾಕೆ ಸುಮ್ಕಿರ್ಲಿ? ಬಂಟನ್ನೇ ಕೇಳಿ."

ಬಂಟ ಅವನ ಬೇಟೆನಾಯಿ. ಹಿಂದೆಲ್ಲ ಅವನ ಜೊತೆ ಕಾಡು ತಿರುಗುತ್ತಿತ್ತು. ನಾಯಿಯ ವಾಸನೆಯೂ ಹಂದಿಗೆ ತಿಳಿಯುತ್ತದೆಂದು ಈಗ ಅದನ್ನು ಮನೆಯಲ್ಲೇ ಬಿಡುತ್ತಿದ್ದರು. ಒಡೆಯ ಮನೆಗೆ ಬಂದಾಗ ಅದು ಮೊದಲು ಬೊಗಳುತ್ತಿತ್ತು. ಅವನು "ಬಂಟಾ" ಎಂದ ಮೇಲಷ್ಟೇ ಬಾಲ ಆಡಿಸುತ್ತಿತ್ತು. ಆಮೇಲೂ ಅವನ ಕಾಲನ್ನು ಮೂಸಿ ಮೂಸಿ, ಏನನ್ನೋ ಹುಡುಕಿ ಸಿಗದೆ, ಮುಖ ನೋಡುತ್ತಿತ್ತು.

ಮೃದುಲಾ ನಕ್ಕಳು. ನಾಯಿಯ ಮೂಗಿಗೂ ಸಿಗುತ್ತಿಲ್ಲವೆಂದರೆ ಲೇಪ ತಾನೆಣಿಸಿದ್ದಕ್ಕಿಂತ ಚೆನ್ನಾಗಿದೆ ಎಂದುಕೊಂಡಳು. "ಅಭ್ಯಾಸವಾಗುತ್ತದೆ ಬಿಡಿ," ಎಂದು ದೇವಮ್ಮಣಿಗೆ ಹೇಳಿ ಕಾಫಿ ಕುಡಿದಳು.

ಬೇಸಿಗೆಯ ಒಂದು ಮುಂಜಾನೆ ಚೆಲುವರಾಜು ಒಂಟಿ ಹಂದಿಯೊಂದರ ಜಾಡು ಹಿಡಿದು ಗುಡ್ಡ ಹತ್ತಿದವನು ಸಂಜೆಗೆ ಹಿಂತಿರುಗಲಿಲ್ಲ. ಮರುದಿನ ಊರವರು ಕೂಗುತ್ತ ಹುಡುಕಿದರು. ಅರಣ್ಯ ಇಲಾಖೆಯವರು ಶಾಖ ಗುರುತಿಸುವ ಡ್ರೋನುಗಳನ್ನು ಹಾರಿಸಿದರು. ಕಾದ ಬಂಡೆಗಳ ನಡುವೆ, ಲಂಟಾನದ ದಟ್ಟ ಮುಳ್ಳುಪೊದೆಗಳ ಕೆಳಗೆ ಒಂದು ಮೈಯ ಶಾಖ ಅವಕ್ಕೆ ಬೇರೆಯಾಗಿ ಕಾಣಲಿಲ್ಲ. ಕೊನೆಗೆ ಪತ್ತೆನಾಯಿಯನ್ನು ಕರೆಸಿದರು. ಅದನ್ನು ತಂದ ಪೇದೆ ದೇವಮ್ಮಣಿಯನ್ನು ಕೇಳಿದ:

"ಅವರು ಹಾಕಿ ಬಿಚ್ಚಿದ ಬಟ್ಟೆ ಏನಾದ್ರೂ ಕೊಡಿ ಅಮ್ಮ. ಒಗೆದಿರಬಾರದು."

ಗುಡ್ಡಕ್ಕೆ ಹೊರಡುವ ಮುನ್ನ ಅವನು ಬಿಚ್ಚಿಟ್ಟಿದ್ದ ಅಂಗಿಯನ್ನು ಅವಳು ತಂದಳು. ನಾಯಿ ಅದಕ್ಕೆ ಮೂಗಿಟ್ಟು, ತಲೆ ಎತ್ತಿ ಪೇದೆಯ ಮುಖ ನೋಡಿತು. ಲುಂಗಿ ತಂದಳು. ಟವೆಲ್ಲು, ಚಪ್ಪಲಿ, ದಿಂಬು, ಕೊನೆಗೆ ಹಾಸಿಗೆಯನ್ನೇ ಎಳೆದು ತಂದಳು. ನಾಯಿ ಒಂದೊಂದನ್ನೂ ಮೂಸಿ, ಒಂದೊಂದು ಸಲವೂ ಹಾಗೆಯೇ ತಲೆ ಎತ್ತಿತು.

"ಇದೆಲ್ಲ ಹೊಸದಾ ಅಮ್ಮ?" ಎಂದ ಪೇದೆ. "ಇದರಲ್ಲಿ ನಿಮ್ಮ ವಾಸನೆ ಬಿಟ್ರೆ ಬೇರೆ ಯಾರದೂ ಇಲ್ವಲ್ಲ."

ದೇವಮ್ಮಣಿ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು. ಅಲ್ಲಿಯವರೆಗೂ ಅಳದಿದ್ದವಳು ಆಗ ಅತ್ತಳು.

ಸುದ್ದಿ ತಿಳಿದು ಮೃದುಲಾ ಮಧ್ಯಾಹ್ನಕ್ಕೆ ಬಂದಳು. ಊರವರು ದಾರಿ ಬಿಟ್ಟರು, ಯಾರೂ ಮಾತಾಡಿಸಲಿಲ್ಲ.

"ಏನಾರ ಮಾಡಿ ಮೇಡಮ್ಮೋರೆ," ಎಂದಳು ದೇವಮ್ಮಣಿ. "ನೀವೇ ಅಲ್ವಾ ಅಳ್ಸಿದ್ದು? ನೀವೇ ವಾಪಸ್ ತರ್ಬೇಕು."

"ಲೇಪ ತಾನಾಗಿಯೇ ಕಳೆಯಬೇಕು ದೇವಮ್ಮಣಿ. ಇನ್ನೂ ಮೂರು ನಾಲ್ಕು ದಿನ..."

"ಅಲ್ಲೀಗಂಟ ಅವ್ರು ನೀರಿಲ್ದೆ ಇರ್ತಾರಾ?"

ಮೃದುಲಾ ಕೂಡ ಹುಡುಕುವವರ ಜೊತೆ ಗುಡ್ಡ ಹತ್ತಿದಳು. ಆ ದಿನವೂ ಮರುದಿನವೂ ಗಂಟಲು ಕಟ್ಟುವವರೆಗೆ ಅವನ ಹೆಸರನ್ನು ಕೂಗಿದಳು. ಪತ್ತೆನಾಯಿ ಅವರ ಪಕ್ಕದಲ್ಲೇ, ಏನು ಹುಡುಕಬೇಕೆಂದು ತಿಳಿಯದೆ ನಡೆಯುತ್ತಿತ್ತು.

ಅವನನ್ನು ಕಂಡುಹಿಡಿದದ್ದು ಬಂಟ. ಅದರ ಮಾರನೆಯ ಬೆಳಿಗ್ಗೆ ಗುಡ್ಡದ ಕಡೆಯಿಂದ ಗಾಳಿ ಬೀಸಿದಾಗ ಅದು ಇದ್ದಕ್ಕಿದ್ದಂತೆ ಎದ್ದು, ಹಗ್ಗ ಕಿತ್ತುಕೊಂಡು, ಹಿಂತಿರುಗಿ ನೋಡದೆ ಓಡಿತು. ಜನ ಅದರ ಹಿಂದೆ ಓಡಿದರು. ಬಂಡೆಗಳ ನಡುವಿನ ಒಂದು ಕೊರಕಲಿನಲ್ಲಿ ಚೆಲುವರಾಜು ಬಿದ್ದಿದ್ದ. ಬಂಟ ಅವನ ಎದೆಯ ಮೇಲೆ ತಲೆಯಿಟ್ಟು ಮಲಗಿತ್ತು. ಅವನು ಹಿಂದಿನ ಸಂಜೆಯವರೆಗೂ ಬದುಕಿದ್ದನೆಂದು ಆಮೇಲೆ ವೈದ್ಯರು ಹೇಳಿದರು.

ಹೆಗಲ ಮೇಲಿನ ಕರಡಿಯ ಉಗುರಿನ ಗಾಯಗಳಿಂದ ನಡೆದದ್ದೇನೆಂದು ತಿಳಿಯಿತು. ಕರಡಿಗೆ ಕಣ್ಣು ಮಂದ. ಅದು ಮೂಗನ್ನು ನಂಬಿ ನಡೆಯುವ ಪ್ರಾಣಿ. ಮನುಷ್ಯನ ವಾಸನೆ ಬಡಿದರೆ ಸಾಮಾನ್ಯವಾಗಿ ತಾನೇ ದಾರಿ ಬಿಟ್ಟು ಸರಿಯುತ್ತದೆ. ಚೆಲುವರಾಜು ಎದುರಾದಾಗ ಅದಕ್ಕೆ ಯಾವ ಮುನ್ಸೂಚನೆಯೂ ಇರಲಿಲ್ಲ. ಪೊದೆಯ ತಿರುವಿನಲ್ಲಿ ಇಬ್ಬರೂ ಬೆಚ್ಚಿದ್ದರು. ಅದು ಎರಗಿತು, ಅವನು ಕೊರಕಲಿಗೆ ಉರುಳಿದ. ಕಾಲು ಮುರಿದಿತ್ತು, ಕೋವಿ ಕೈತಪ್ಪಿ ಪೊದೆಗಳಲ್ಲಿ ಕಳೆದುಹೋಗಿತ್ತು, ಮೊಬೈಲು ಕಲ್ಲಿಗೆ ಬಡಿದು ಚೂರಾಗಿತ್ತು. ಅಷ್ಟೆಲ್ಲ ವರ್ಷ ಮನುಷ್ಯರನ್ನು ಕಾಡಿನಲ್ಲಿ ಕಾಯುತ್ತ ಬಂದದ್ದು ಅವರ ವಾಸನೆಯೇ ಎಂಬುದು ಮೃದುಲಾಗೆ ಹೊಳೆದದ್ದು ಆ ಕೊರಕಲಿನ ಅಂಚಿನಲ್ಲಿ.

ಕವಚ ಅವನ ಮೈಮೇಲಿರಲಿಲ್ಲ. ಅದನ್ನು ಬಿಚ್ಚಿ ಕೈಲಾದಷ್ಟು ದೂರಕ್ಕೆ ಎಸೆದಿದ್ದ. ಅವನ ಎರಡೂ ತೋಳುಗಳ, ಎದೆಯ ಚರ್ಮ ಕಿತ್ತುಬಂದಿತ್ತು. ಅದು ಕರಡಿಯ ಕೆಲಸವಲ್ಲ. ಮುಷ್ಟಿಯಲ್ಲಿ ಇನ್ನೂ ಮರಳಿತ್ತು. ತಾನು ಸಿಗುತ್ತಿಲ್ಲವೇಕೆಂದು ಅವನಿಗೆ ಅರ್ಥವಾಗಿತ್ತು. ಮರಳಿನಿಂದ ತನ್ನ ಮೈಯನ್ನು ತಾನೇ ಉಜ್ಜಿ ಉಜ್ಜಿ ಲೇಪವನ್ನು ಕಿತ್ತುಹಾಕಲು ನೋಡಿದ್ದ. ಹಾಗೆ ಹೊರಬಂದ ಅವನದೇ ವಾಸನೆಯನ್ನು ಗಾಳಿ ಬಂಟನಿಗೆ ಮುಟ್ಟಿಸಿತ್ತು, ತಡವಾಗಿ.

ಮಣ್ಣು ಮಾಡಿ ಬಂದ ಮೇಲೆ ದೇವಮ್ಮಣಿ ಮೃದುಲಾಳನ್ನು ಬೈಯಲಿಲ್ಲ. "ಗಂಡ ಸತ್ತೋದೋರು ಅಂಗಿ ತಬ್ಬಿ ಮಲಗ್ತಾರೆ," ಎಂದಷ್ಟೇ ಹೇಳಿದಳು. "ನಂಗೆ ಅದೂ ಇಲ್ಲ. ಈ ಮನೇಲಿ ಅವ್ರು ಇದ್ರು ಅನ್ನೋದುಕ್ಕೆ ಒಂದು ಬಟ್ಟೇನೂ ಸಾಕ್ಷಿ ಹೇಳಲ್ಲ."

ಮೃದುಲಾ ಲೇಪವನ್ನೂ ಕವಚವನ್ನೂ ಬೇಟೆಗಾರರಿಗೆ ಕೊಡುವುದನ್ನು ನಿಲ್ಲಿಸಿದಳು. ಲೇಪ ಹಚ್ಚುವ ಮುನ್ನ ಪ್ರತಿಯೊಬ್ಬನ ಗಂಧದ ಚಹರೆಯನ್ನು, ಅಂದರೆ ಅವನ ಮೈವಾಸನೆಯಲ್ಲಿ ಯಾವ ಅಂಶ ಎಷ್ಟಿದೆ ಎಂಬುದನ್ನು, ಅಳೆದಿಡುವ ಪದ್ಧತಿಯಿತ್ತು. ಚೆಲುವರಾಜುವಿನ ಆ ಅಳತೆಯನ್ನು ಹಿಡಿದು, ಅಂಶಕ್ಕೆ ಅಂಶ ಕೂಡಿಸುತ್ತ, ಅವಳು ಆ ವರ್ಷದ ಬಹುಭಾಗ ಪ್ರಯೋಗಾಲಯದಲ್ಲೇ ಕಳೆದಳು. ಕೊನೆಗೆ ಒಂದು ಪುಟ್ಟ ಶೀಶೆಯೊಂದಿಗೆ ಹುಣಸೇದೊಡ್ಡಿಗೆ ಬಂದಳು.

ಅಂಗಿಯೊಂದರ ಮೇಲೆ ಎರಡು ಹನಿ ಬಿಟ್ಟು ಕೊಟ್ಟಳು. ದೇವಮ್ಮಣಿ ಅದನ್ನು ಮೂಗಿನ ಬಳಿ ಹಿಡಿದು ಮತ್ತೆ ಮತ್ತೆ ಉಸಿರೆಳೆದುಕೊಂಡಳು. "ಇವ್ರೇ," ಎಂದಳು ಕೊನೆಗೆ. "ಹೊಲದಿಂದ ಬಂದು ಇನ್ನೂ ಕೈಕಾಲು ತೊಳ್ದಿಲ್ಲ. ಹಂಗದೆ."

ಆಗ ಮಂಚದ ಕೆಳಗಿಂದ ಬಂಟ ಎದ್ದು ಬಂತು. ತಿಂಗಳುಗಳಿಂದ ಅದು ಹೀಗೆ ಎದ್ದಿರಲಿಲ್ಲ. ಅಂಗಿಯನ್ನು ಮೂಸಿತು, ಒಳಗಿನ ಕೋಣೆಗೆ ಓಡಿತು, ಹಿತ್ತಿಲಿಗೆ ಓಡಿತು, ಕುಯ್ಯೆನ್ನುತ್ತ ಮತ್ತೆ ಬಂತು. ಹನಿ ಸೋಕಿದ್ದ ಮೃದುಲಾಳ ಕೈಗೆ ಮೂಗಿಟ್ಟು, ಬಾಲ ಬೀಸುತ್ತ, ಮೊಣಕೈವರೆಗೂ ನೆಕ್ಕಿತು.

ದೇವಮ್ಮಣಿ ಅದನ್ನೇ ನೋಡುತ್ತಿದ್ದಳು. ಆಮೇಲೆ ಅಂಗಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದಳು. "ಶೀಶೆ ತಗಂಡೋಗ್ಬುಡಿ ಮೇಡಮ್ಮೋರೆ. ಅವ್ರು ಇಲ್ಲ ಅಂತ ನಂಗೆ ಗೊತ್ತು. ಇದುಕ್ಕೆ ಯಾರು ಹೇಳೋರು?"

ಮೃದುಲಾ ಕಾರು ಹತ್ತಿದಳು. ಊರ ಬಾಗಿಲು ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಬಂಟ ಕಂಡಿತು. ನಾಲಿಗೆ ಹೊರಚಾಚಿ, ಕಿವಿ ಹಿಂದಕ್ಕೆ ಮಾಡಿ, ಎಳೆಯ ನಾಯಿಯ ಹಾಗೆ ಧೂಳಿನಲ್ಲಿ ಓಡಿಬರುತ್ತಿತ್ತು. ಅವಳು ಕಾರು ನಿಲ್ಲಿಸಿ ಇಳಿದಳು. ಅದು ಅವಳ ಕಾಲ ಬಳಿ ಕುಳಿತು ಕೈಗೆ ಮುಖ ಉಜ್ಜಿತು.

ಹಿಂದೆಯೇ ದೇವಮ್ಮಣಿ ಬಂದಳು, ಒಂದು ತಂಬಿಗೆ ನೀರು ಮತ್ತು ಸಾಬೂನು ಹಿಡಿದುಕೊಂಡು.

"ಕೈ ತೊಳ್ಕಳಿ," ಎಂದಳು. "ಇಲ್ದಿದ್ರೆ ಇದು ಬರಾಕಿಲ್ಲ."

ದೇವಮ್ಮಣಿ ನೀರು ಹೊಯ್ದಳು. ಮೃದುಲಾ ಬೆರಳ ಸಂದುಗಳನ್ನೂ ಬಿಡದೆ, ಮೊಣಕೈವರೆಗೆ, ಮತ್ತೆ ಮತ್ತೆ ಸಾಬೂನು ಹಚ್ಚಿ ತೊಳೆದಳು. ಬಂಟ ಎದುರಿಗೇ ಕುಳಿತು ನೋಡುತ್ತಿತ್ತು. ತಂಬಿಗೆ ಖಾಲಿಯಾದಾಗ ಅವಳು ಒದ್ದೆ ಕೈಯನ್ನು ಅದರ ಮುಂದೆ ಚಾಚಿದಳು.

ಅದು ಮೂಸಿತು. ಅಂಗೈಯನ್ನು ಮೂಸಿತು, ಮಣಿಕಟ್ಟನ್ನು ಮೂಸಿತು. ಬಾಲ ನಿಧಾನವಾಗಿ ನಿಂತಿತು.