ಹಳೇ ಸ್ಪಂಜಿನ ಕಂದು ನೀರು

ಮಾರ್ಚ್ 9, ಭಾನುವಾರ, ಬೆಳಗ್ಗೆ 7:40.

"ಅತ್ತೇ, ಬೇಗ ಬಾ! ಮೀನೆಲ್ಲ ಮೇಲೆ ಬಂದು ಬಾಯಿ ಬಡ್ಕೊಳ್ತಿವೆ!"

ಚಿನಕುರುಳಿಯ ಕೂಗಿಗೆ ಅತ್ತೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದಳು. ನಾನೂರು ಲೀಟರಿನ ಟ್ಯಾಂಕಿನಲ್ಲಿ ಇಪ್ಪತ್ತೆರಡು ಗೋಲ್ಡ್‌ಫಿಶ್‌ಗಳು ಮೂತಿ ಮೇಲೆತ್ತಿ ಗಾಳಿ ನುಂಗುತ್ತಿದ್ದವು.

"ರಷ್ ಬಸ್ ಥರ ಮೀನು ತುಂಬಿದ್ರೆ ಇನ್ನೇನಾಗತ್ತೆ?" ಎಂದ ಅವಳ ಅಣ್ಣ.

ಅತ್ತೆ ಬಾಯಿ ಮುಕ್ಕಳಿಸಿ ಬಂದು ಗಾಜಿನ ಟ್ಯೂಬಿನಲ್ಲಿ ಟ್ಯಾಂಕಿನ ನೀರು ಹಿಡಿದಳು. ಅದಕ್ಕೆ ಟೆಸ್ಟ್ ಕಿಟ್ಟಿನ ಹನಿ ಬಿಟ್ಟು ಕಾದಳು. ನೀರು ಹಸಿರಾಯಿತು.

"ಅಮೋನಿಯಾ! ಮೀನಿನ ಹೊಲಸಿಂದ ಹುಟ್ಟೋ ವಿಷ. ಇದು ಇಳೀದಿದ್ರೆ ಅರ್ಧ ಮೀನು ಅಂಗಡಿಗೆ ವಾಪಸ್."

ಚಿನಕುರುಳಿ ಮೀನುಗಳನ್ನು ಒಂದೊಂದಾಗಿ ನೋಡಿದಳು. ಯಾವ ಅರ್ಧ?

"ಆದ್ರೆ ನಿನ್ನೆ ತಾನೇ ನೀರು ಸೋಸೋ ಡಬ್ಬ, ಆ ಕ್ಯಾನಿಸ್ಟರ್ ಫಿಲ್ಟರ್ ಬಿಚ್ಚಿ ತೊಳೆದೆನಲ್ಲ! ನಿಂಗೆ ಸರ್‌ಪ್ರೈಸ್ ಅಂತ. ನಲ್ಲಿ ಕೆಳಗೆ ತಿಕ್ಕಿ ತಿಕ್ಕಿ, ಫಳಫಳ!"

"ಒಳಗಿನ ಸ್ಪಂಜು? ಪಿಂಗಾಣಿ ಉಂಗುರ?"

"ಎಲ್ಲಾ!"

ಅತ್ತೆ ನೆಲದ ಮೇಲೆ ಕುಸಿದು ಕೂತು ನಗತೊಡಗಿದಳು. "ಅಯ್ಯೋ ನನ್ನ ಚಿನ್ನಾ! ಮೊಸರಿನ ಹೆಪ್ಪನ್ನೇ ತೊಳೆದು ಚೆಲ್ಲಿಬಿಟ್ಯಲ್ಲೇ! ಆ ಲೋಳೆಯಲ್ಲೇ ವಿಷ ತಿನ್ನೋ ಬ್ಯಾಕ್ಟೀರಿಯಾ ಇರೋದು. ನಲ್ಲಿ ನೀರಿನ ಕ್ಲೋರಿನ್‌ಗೆ ಅವು ಸತ್ತವು."

ಚಿನಕುರುಳಿಯ ಕಣ್ಣು ತುಂಬಿತು. ಅತ್ತೆ ಟ್ಯಾಂಕಿನ ಮೂಲೆಗೆ ಬೆರಳು ತೋರಿಸಿದಳು. ಅಲ್ಲಿ ಕಂದು ಬಣ್ಣದ ಸ್ಪಂಜ್ ಫಿಲ್ಟರ್ ಗುಳುಗುಳು ಗುಳ್ಳೆ ಬಿಡುತ್ತಿತ್ತು.

"ಆ ಮುದುಕಪ್ಪನಾ?" ಅಣ್ಣ ಮೂಗು ಮುರಿದ. "ಕ್ಯಾನಿಸ್ಟರ್ ಗಂಟೆಗೆ ಸಾವಿರ ಲೀಟರ್ ಎಳೆಯತ್ತೆ. ಇದು ಒಂದು ಕಸಾನೂ ಎಳೆಯಲ್ಲ."

"ಒಪ್ಪಿದೆ ಮಾರಾಯಾ. ಇಷ್ಟು ಮೀನಿಗೆ ಇದೊಂದೇ ಆದ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದಕ್ಕೇ ಎರಡೂ ಇಟ್ಟಿರೋದು. ಪುಟ್ಟಾ, ಇದನ್ನ ತೊಳೆದಿಲ್ಲ ತಾನೇ?"

"ಥೂ, ಇಲ್ಲ! ಮುಟ್ಟೋಕೇ ಅಸಹ್ಯ ಆಯ್ತು."

"ನಿನ್ನ ಅಸಹ್ಯಕ್ಕೆ ದೊಡ್ಡ ನಮಸ್ಕಾರ!"

ಮೂವರೂ ಸೇರಿ ಟ್ಯಾಂಕಿನ ಅರ್ಧ ನೀರು ತೆಗೆದು, ಕ್ಲೋರಿನ್ ಹೋಗಲೆಂದು ಡ್ರಮ್ಮಿನಲ್ಲಿ ಇಟ್ಟಿದ್ದ ನೀರು ತುಂಬಿಸಿದರು. ಚಿನಕುರುಳಿ ಮೂಗು ಹಿಡಿದುಕೊಂಡು, ಒಂದೇ ಕೈಯಲ್ಲಿ ಮೂಲೆಯ ಹಳೇ ಸ್ಪಂಜನ್ನು ಬಟ್ಟಲಿಗೆ ಹಿಂಡಿದಳು. ಕೆಸರಿನಂಥ ನೀರು ಇಳಿಯಿತು. ಅದನ್ನು ಕ್ಯಾನಿಸ್ಟರ್‌ಗೆ ಸುರಿದಳು.

"ಈಗ ಹೆಪ್ಪು ಹಾಕಿದ ಹಾಗೆ," ಎಂದಳು ಅತ್ತೆ. "ಕಾಯಬೇಕು."

ಸಂಜೆಗೆ ಮೀನುಗಳು ಮೂತಿ ಇಳಿಸಿದವು. ಆಮೇಲೆ ದಿನಾ ಊಟ ಕಡಿಮೆ, ಹೊಸ ನೀರು ಜಾಸ್ತಿ. ದಿನಾ ಟೆಸ್ಟ್. ಹಸಿರು ಒಂದೊಂದೇ ಛಾಯೆ ತಿಳಿಯಾಗುತ್ತಾ ಬಂತು. ಬಣ್ಣ ನೋಡಲು ಅಣ್ಣನೇ ಮೊದಲು ಎದ್ದು ಬರತೊಡಗಿದ.

ಎರಡು ವಾರ ಕಳೆದ ಮೇಲೆ ಕ್ಯಾನಿಸ್ಟರ್ ತೆಗೆದರು. ಒಳಗಿನ ಬಿಳಿ ಸ್ಪಂಜು ಕಂದು ಬಣ್ಣಕ್ಕೆ ತಿರುಗಿತ್ತು.

"ಛೀ, ಕೊಡು, ತೊಳ್ಕೊಂಡು ಬರ್ತೀನಿ," ಎಂದು ಅಣ್ಣ ಕೈ ಚಾಚಿದ.

ಚಿನಕುರುಳಿ ಕೊಡಲಿಲ್ಲ. ಟ್ಯಾಂಕಿನಿಂದಲೇ ತೆಗೆದ ಬಕೆಟ್ ನೀರಲ್ಲಿ ಅದನ್ನು ಮೆಲ್ಲಗೆ ಅದ್ದಿ, ಎರಡೂ ಕೈಯಲ್ಲಿ ಹಿಡಿದು, ಕಂದು ಕಂದಾಗಿಯೇ ಒಳಗಿಟ್ಟಳು.

ಆಮೇಲೆ ಟ್ಯೂಬಿಗೆ ಹನಿ ಬಿಟ್ಟಳು. ನೀರು ಹಸಿರಾಗದೆ ಹಳದಿಯಾಗಿಯೇ ನಿಂತಿತು.

ಅಮೋನಿಯಾ, ಲೀಟರಿಗೆ 0 ಮಿಲಿಗ್ರಾಂ.